ಗುರಪ್ಪನ ಉತ್ತರ

ಯಾದಗಿರಿಯ ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಬಳಿಚಕ್ರದ ಅಮಾತೆಪ್ಪ ಮೀನು ತಿನ್ನುವುದನ್ನೇ ಬಿಟ್ಟುಬಿಟ್ಟಿದ್ದ. ಯಾವ ದೇವರಿಗೂ ಹರಕೆ ಹೊತ್ತದ್ದಲ್ಲ. ಸಂತೆಗೆ ಹೋದರೆ ಮೀನಿನ ಬುಟ್ಟಿಗಳಿರುವ ಕಡೆ ಬಿಟ್ಟು ಸುತ್ತು ಹಾಕಿಕೊಂಡು ಬರುತ್ತಿದ್ದ. ಅಲ್ಲಿ ತೀರಿಹೋದ ಗೆಳೆಯ ಗುರಪ್ಪನ ತಾಯಿ ಶೇಖಮ್ಮ ಕೂತಿರುತ್ತಿದ್ದಳು.

ಅದಕ್ಕೆ ಕಾರಣ ಅವನು ನೌಕರಿ ಹಿಡಿಯುವ ಮುಂಚಿನದು, ನಿಜಾಮರ ಕಡೆಗಾಲದ್ದು. ಹೈದರಾಬಾದಿನ ಒಂದು ವ್ಯಾಪಾರದ ಶಾಲೆಗೆ ಸೇರಿದರೆ ನೌಕರಿ ಗಟ್ಟಿ ಎಂದು ಯಾದಗಿರಿ, ಶಹಾಪುರ, ಸುರಪುರದ ಹುಡುಗರು ಅದರ ಬೆನ್ನು ಹತ್ತಿದ್ದರು. ಸೇರಿಸಿಕೊಳ್ಳುವ ಮುಂಚೆ ಸಾಹೇಬರು ಎದುರಿಗೆ ನಿಲ್ಲಿಸಿಕೊಂಡು ಉರ್ದುವಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಹೋಗಿಬಂದವರು ಸ್ಟೇಷನ್ನಿನ ಎದುರು ಯಾಕೂಬಸಾಬನ ಚಹಾದಂಗಡಿಯಲ್ಲಿ ಕೂತು, ಒಳಗೆ ನಡೆದದ್ದನ್ನೆಲ್ಲ ಮುಂದೆ ಹೋಗುವವರಿಗೆ ಹೇಳಲೇಬೇಕು. ಅದು ಅವರೊಳಗಿನ ಕಟ್ಟಳೆ. ಒಬ್ಬ ಸಾಹೇಬನಾಗಿ ಕೇಳುತ್ತಿದ್ದ, ಉಳಿದವರು ಉತ್ತರವನ್ನು ಬಾಯಿಪಾಠ ಮಾಡುತ್ತಿದ್ದರು. ಶಾಲೆಯಲ್ಲಿ ಕಲಿತ ಉರ್ದು ಅಂಜಿಕೆಯ ಹೊತ್ತಿಗೆ ನಾಲಿಗೆಗೆ ಬರದಿದ್ದರೆ ಪಾಪ, ಇನ್ನೇನು ಮಾಡಿಯಾರು? ತೊಡಲು ಎಲ್ಲರಿಗೂ ಒಂದೇ ಶೇರ್ವಾನಿ, ಯಾಕೂಬಸಾಬನ ಮದುವೆಯದು.

ಗುರಪ್ಪ ಹೋಗಿಬಂದ ದಿನ ಚಹಾ ಮುಟ್ಟಲಿಲ್ಲ.

"ಏನು ಕೇಳಿದ್ರೋ?" ಎಂದ, ತನ್ನ ಸರದಿ ಕಾಯುತ್ತಿದ್ದ ಅಮಾತೆಪ್ಪ.

"ನಿಮ್ಮ ಮನ್ಯಾಗ ವ್ಯಾಪಾರ ಯಾರು ಮಾಡ್ತಾರ ಅಂದ್ರು. ಅವ್ವ ಮೀನ ಮಾರ್ತಾಳ ಅನ್ನಾಕ ನಾಚಿಕಿ ಬಂತು. ಸುಮ್ನ ನಿಂತೆ. ಹೋಗು ಅಂದ್ರು."

ಆಮೇಲೆ ಅವನಿಗೆ ಅದೇ ಗುಂಗು. ಹೇಳಬೇಕಾಗಿದ್ದ ಉತ್ತರವನ್ನು ಉರ್ದುವಿನಲ್ಲಿ ಕಟ್ಟಿಕೊಂಡು, ಮುಂದಿನ ವರ್ಷ ಹೇಳಿಯೇ ತೀರುತ್ತೇನೆಂದು ದಿನಾ ಬಂದು ಒಪ್ಪಿಸುತ್ತಿದ್ದ. ನಮ್ಮವ್ವ ಭೀಮೆಯ ದಂಡೆಯಲ್ಲಿ ಮೀನು ಮಾರುತ್ತಾಳೆ, ತಾಜಾ ಎಂದು ಕಿವಿರು ಬಿಚ್ಚಿ ತೋರಿಸದೆ ಒಂದು ಮೀನನ್ನೂ ಕೊಡುವುದಿಲ್ಲ, ನಾನು ವ್ಯಾಪಾರ ಕಲಿತದ್ದು ಅವಳಿಂದಲೇ. ಕೇಳಿ ಕೇಳಿ ಎಲ್ಲರಿಗೂ ಬಾಯಿಗೆ ಬಂತು. ಆ ಮಳೆಗಾಲದ ಜ್ವರದಲ್ಲಿ ಗುರಪ್ಪ ತೀರಿಕೊಂಡ.

ಮರುವರ್ಷ ಶೇರ್ವಾನಿ ಅಮಾತೆಪ್ಪನ ಪಾಲಿಗೆ ಬಂತು. ಗುರಪ್ಪನ ಬಳಿಕ ಅದನ್ನು ಯಾರೂ ತೊಟ್ಟಿರಲಿಲ್ಲ. ಕೊರಳ ಗುಂಡಿ ಹಾಕುವಾಗ ಬೆನ್ನ ಹಿಂದೆ ಯಾರೋ ನಿಂತು ಸಣ್ಣ ದನಿಯಲ್ಲಿ ಪಾಠ ಒಪ್ಪಿಸಿದಂತಾಯಿತು. ತಿರುಗಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ರೈಲು ವಾಡಿ ದಾಟಿದರೂ ಆ ದನಿ ಬೆನ್ನು ಬಿಡಲಿಲ್ಲ.

ಸಾಹೇಬರು ಕೇಳಿದ್ದು ಅದೇ ಪ್ರಶ್ನೆ. ಅಮಾತೆಪ್ಪನ ಮನೆಯವರು ಜೋಳ ಬೆಳೆಯುವವರು, ವ್ಯಾಪಾರದ ಗಂಧಗಾಳಿ ಇಲ್ಲದವರು. ಅದನ್ನೇ ಹೇಳಲೆಂದು ಬಾಯಿ ತೆರೆದ. ಹೊರಬಂದದ್ದು ಗುರಪ್ಪನ ಉತ್ತರ, ಒಂದಕ್ಷರ ತಪ್ಪದೆ, ಗುರಪ್ಪ ಎಳೆಯುತ್ತಿದ್ದ ಆ ರಾಗದಲ್ಲೇ. ಬಳಿಚಕ್ರದ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಹೆತ್ತವ್ವ ಆ ಗಳಿಗೆ ಅವನಿಗೆ ನೆನಪಾಗಲೇ ಇಲ್ಲ. ಸಾಹೇಬರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಶಾಲೆಯಲ್ಲಿ ಜಾಗ ಸಿಕ್ಕಿತು.

ಊರಿಗೆ ಬಂದಾಗ ಚಹಾದಂಗಡಿಯಲ್ಲಿ ಎಲ್ಲರೂ ಸುತ್ತುಗಟ್ಟಿ ಕೇಳಿದರು. "ಬರೇ ಲೆಕ್ಕ ಕೇಳಿದ್ರು" ಎಂದುಬಿಟ್ಟ. ಕಟ್ಟಳೆ ಮುರಿದವನು ಅವನೊಬ್ಬನೇ.

ಓದು ಮುಗಿದು ಗಿರಣಿಯ ನೌಕರಿ ಹಿಡಿದ ಮೇಲೆ ಒಂದು ಮುಂಜಾನೆ ಶೇಖಮ್ಮ ಬುಟ್ಟಿ ಹೊತ್ತು ಗಿರಣಿಯ ಬಾಗಿಲಿಗೇ ಬಂದಳು.

"ತಮ್ಮಾ, ನೀನೂ ಆ ಸಾಹೇಬರ ಮುಂದ ಹೋಗಿ ನಿಂತಾಂವ. ನಮ್ಮ ಗುರಪ್ಪ ಅಲ್ಲಿ ಏನು ಹೇಳಿದ್ದ, ನಿನಗ ಗೊತ್ತದೇನು? ಮನ್ಯಾಗ ಬಾಯೇ ಬಿಡಲಿಲ್ಲ ನೋಡು."

ನಿನ್ನ ಹೆಸರೆತ್ತಲು ನಾಚಿ ಸುಮ್ಮನೆ ನಿಂತ ಎಂದು ಯಾವ ಬಾಯಿಂದ ಹೇಳುವುದು?

"ನಿನ್ನ ಮಾತೇ ಹೇಳ್ಯಾನ ಯವ್ವ. ನಮ್ಮವ್ವ ಕಿವಿರು ಬಿಚ್ಚಿ ತೋರಿಸಿ ಮೀನ ಮಾರ್ತಾಳ, ವ್ಯಾಪಾರ ಆಕಿ ಕಡಿಂದ ಕಲ್ತೀನಿ ಅಂದಾನ."

ಶೇಖಮ್ಮ ಬುಟ್ಟಿ ಇಳಿಸಿ ಅಲ್ಲೇ ನೆಲದ ಮೇಲೆ ಕೂತಳು. ಇನ್ನೊಮ್ಮೆ ಹೇಳೆಂದಳು. ಅವನು ಹೇಳಿದ. ಸೆರಗಿನಿಂದ ಮುಖ ಒರೆಸಿಕೊಂಡು, ಅಷ್ಟು ದೊಡ್ಡ ಮಂದಿಯ ಮುಂದೆ ಮಗ ತನ್ನನ್ನು ನೆನೆದನಲ್ಲ ಎಂದು ಹಿಗ್ಗಿದಳು. ಬುಟ್ಟಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಇಷ್ಟು ಛಂದ ಹೇಳಿದ ಮ್ಯಾಲೂ ಅವನಿಗ್ಯಾಕ ತಗೊಳ್ಳಲಿಲ್ಲ ತಮ್ಮಾ?"

ಗುರಪ್ಪ ಸಾಹೇಬರ ಮುಂದೆ ನಿಂತಿದ್ದ ಹಾಗೆಯೇ ಅಮಾತೆಪ್ಪ ಅವಳ ಮುಂದೆ ನಿಂತ. ಬೆನ್ನ ಹಿಂದೆ ಯಾರೂ ಉತ್ತರ ಹೇಳಿಕೊಡಲಿಲ್ಲ.