ಹಿಟ್ಟು ತಂದು ಕೊಡ್ರಿ, ಸಾಕು

ಶಹಾಪುರದಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲಿ ಈ ಚಳಿಗಾಲಕ್ಕೆ ಒಬ್ಬ ಹೆಣ್ಣುಮಗಳು ರೊಟ್ಟಿ ಮಾರಲು ಒಲೆ ಹೂಡಿದ್ದಾಳೆ. ಬೆಳಿಗ್ಗೆ ಜೋಳದ ರೊಟ್ಟಿ, ಸಂಜೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಹಂಚಿನ ಮೇಲೆ ಎಳ್ಳು ಚಟಪಟ ಅನ್ನತೊಡಗಿದರೆ ಆ ವಾಸನೆ ನನ್ನ ಮಷೀನಿನವರೆಗೂ ಬರುತ್ತದೆ. ಅಳತೆ ಕೊಡಲು ಬಂದ ಹೆಂಗಸರೆಲ್ಲ ಮೂಗು ಅರಳಿಸಿ, "ಏನ್ ಘಮಾ ಬರಾಕತ್ತದ ನೋಡ್ರಿ" ಅನ್ನುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ. ಆ ರೊಟ್ಟಿ ಮಾರುವವಳ ತಪ್ಪೇನೂ ಇಲ್ಲ, ಪಾಪ. ಆ ವಾಸನೆಯ ಹಿಂದೆಯೇ ನಮ್ಮೂರಿನ ಗೌಡಶಾನಿ ಬಂದು ನಿಲ್ಲುತ್ತಾರೆ...

ಗೌಡಶಾನಿ ಅಂದರೆ ಊರ ಗೌಡರ ಹೆಂಡತಿ. ಈ ದೀಪಾವಳಿ ಮುಗಿದ ಮೇಲೆ ತೀರಿಕೊಂಡರು. ಅವತ್ತಿನಿಂದ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳದ್ದೇ ಸುರಿಮಳೆ. ಒಬ್ಬ ಅವರನ್ನು ಶಾಲೆಯ ತಾಯಿ ಅಂದ, ಇನ್ನೊಬ್ಬ ಅನ್ನಪೂರ್ಣೆ ಅಂದ. ಅವರ ಫೋಟೊವನ್ನು ಶಾಲೆಯಲ್ಲಿ ತೂಗುಹಾಕಬೇಕಂತೆ, ಎಲ್ಲರೂ ಅವರ ಬಗ್ಗೆ ನಾಲ್ಕು ಮಾತು ಬರೆದು ಕಳಿಸಬೇಕಂತೆ. ನಾನೂ ಬರೆಯುತ್ತಿದ್ದೇನೆ. ಇದನ್ನು ಅವರು ಯಾವ ಗೋಡೆಗೂ ಅಂಟಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಮ್ಮೂರು ತಿಂಥಣಿಯ ಆಚೆ, ಕೃಷ್ಣಾ ನದಿಯ ದಂಡೆಯಲ್ಲಿದೆ. ಮೇಲಿನ ಓಣಿಗಳಲ್ಲಿ ಹೊಲ ಇದ್ದವರು, ಅಂಗಡಿ ಇದ್ದವರು. ಕೆಳಗೆ ಹೊಳೆ ಓಣಿಯಲ್ಲಿ ನಾವು. ಅಪ್ಪ ಹರಗೋಲಿನಲ್ಲಿ ಮೀನಿಗೆ ಹೋಗುತ್ತಿದ್ದ, ಅವ್ವ ಕೂಲಿಗೆ ಹೋಗುತ್ತಿದ್ದಳು. ಶಾಲೆ ಇದ್ದದ್ದು ಮೇಲಿನ ಓಣಿಯಲ್ಲಿ, ಗೌಡರ ದನದ ಕೊಟ್ಟಿಗೆಗೆ ಗೋಡೆ ಹಚ್ಚಿಕೊಂಡು. ಜಾಗ ಅವರದೇ ದಾನ. ಶಾಲಾ ಸಮಿತಿಯಲ್ಲಿ ಗೌಡರ ಹೆಸರಿತ್ತು, ಆದರೆ ಕಾರುಬಾರು ಗೌಡಶಾನಿಯದು.

ಇದ್ದದ್ದನ್ನು ಇದ್ದಂತೆ ಹೇಳಬೇಕು. ಚಳಿಗಾಲ ಬಂತೆಂದರೆ ಅವರು ಬೆಳಿಗ್ಗೆಯೇ ಶಾಲೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತು, ಮೊರದ ತುಂಬ ಶೇಂಗಾ ಸುಲಿಯುತ್ತಿದ್ದರು. ಹೋಗುವ ಬರುವ ಹುಡುಗರ ಕೈಗೆ ಒಂದಿಷ್ಟು ಹಾಕುತ್ತಿದ್ದರು. ಮಾಸ್ತರರು ತಡವಾಗಿ ಬಂದರೆ, "ಈಗ ಹೊತ್ತು ಹೊಂಟಿತೇನ್ರಿ ಮಾಸ್ತರ?" ಎಂದು ಎಲ್ಲರ ಮುಂದೆಯೇ ಕೇಳುತ್ತಿದ್ದರು. ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ದ ತಾಯಂದಿರನ್ನು ಬೈದು ಮಕ್ಕಳನ್ನು ಶಾಲೆಗೆ ತಿರುಗಿಸುತ್ತಿದ್ದರು. ಹೊಳೆ ಓಣಿಯ ಮಕ್ಕಳಿಗೆ ತಮ್ಮ ಮನೆಯ ಹಳೆ ಸ್ವೆಟರ್‌ಗಳನ್ನು ಹಂಚುತ್ತಿದ್ದರು. ಅವರ ಮಗಳ ಹಸಿರು ಸ್ವೆಟರ್ ನನಗೆ ಸಿಕ್ಕಿತ್ತು. ತೋಳು ಮಡಚಿಕೊಂಡು ಎರಡು ಚಳಿಗಾಲ ಹಾಕಿಕೊಂಡಿದ್ದೇನೆ. ಬೆಚ್ಚಗಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ಚಳಿಗಾಲದ ದೊಡ್ಡ ದಿನ ಎಳ್ಳ ಅಮವಾಸ್ಯೆ. ಹೊಲ ಇದ್ದವರು ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೋಗಿ, ನಿಂತ ಬೆಳೆಗೆ ಚರಗ ಎಂದು ಅನ್ನ, ಪಲ್ಯ ಚೆಲ್ಲಿ, ಅಲ್ಲೇ ಸಜ್ಜೆ ರೊಟ್ಟಿ, ಕಾಳು-ಕಾಯಿಪಲ್ಯ ಕೂಡಿಸಿ ಬೇಯಿಸಿದ ಭಜ್ಜಿ ಉಂಡು ಬರುತ್ತಾರೆ. ಹೊಲ ಇಲ್ಲದವರು ಎಲ್ಲಿಗೆ ಹೋಗಬೇಕು? ಆ ಕಾರಣಕ್ಕೇ ಶಾಲೆಯಲ್ಲಿ ಅಮವಾಸ್ಯೆಯ ಮುಂಚೆ ಒಂದು ದಿನ ಊಟ ಇಡುತ್ತಿದ್ದರು. ಅದನ್ನು ಸಾಲಿ ಬುತ್ತಿ ಎಂದು ಕರೆಯುತ್ತಿದ್ದೆವು. ಎಲ್ಲ ಮಕ್ಕಳ ತಾಯಂದಿರೂ ಮನೆಯಿಂದ ಏನಾದರೂ ತರಬೇಕು, ಎಲ್ಲರೂ ಮೈದಾನದಲ್ಲಿ ಕೂತು ಉಣ್ಣಬೇಕು. ಆಗಿನ್ನೂ ಶಾಲೆಗೆ ಬಿಸಿಯೂಟ ಬಂದಿರಲಿಲ್ಲ. ಆ ಒಂದು ದಿನಕ್ಕಾಗಿ ನಾವು ದಸರೆಯಿಂದಲೇ ಕಾಯುತ್ತಿದ್ದೆವು.

ಹೊಳೆ ಓಣಿಯವರಿಗೆ ಮಾತ್ರ ಗೌಡಶಾನಿ ಬೇರೆ ಮಾತು ಹೇಳಿಟ್ಟಿದ್ದರು. ಪ್ರತಿ ವರ್ಷ ಓಣಿಯ ತುದಿಗೆ ಬಂದು ನಿಂತು, ನಗುನಗುತ್ತ ಹೇಳುವರು: "ನೀವು ದಿನಾ ದುಡದು ದಣದಿರ್ತೀರಿ. ಮತ್ಯಾಕ್ ತ್ರಾಸ್ ತೊಗೋತೀರಿ? ಹಿಟ್ಟು ತಂದು ಕೊಡ್ರಿ, ಸಾಕು. ರೊಟ್ಟಿ ನಾವ ಬಡೀತೀವಿ."

ಎಂಥ ದಯೆ! ಬೆಣ್ಣೆಯೊಳಗಿಂದ ಕೂದಲು ತೆಗೆದ ಹಾಗೆ ನಮ್ಮನ್ನು ಒಲೆಯಿಂದ ಎತ್ತಿ ಆಚೆಗಿಟ್ಟಿದ್ದರು. ನಮ್ಮ ಹಿಟ್ಟು ಅವರಿಗೆ ನಡೆಯುತ್ತಿತ್ತು. ನಮ್ಮ ಕೈ ತಟ್ಟಿದ ರೊಟ್ಟಿ ನಡೆಯುತ್ತಿರಲಿಲ್ಲ. ಅದೇ ಗೌಡರ ಹೊಲದಲ್ಲಿ ಹತ್ತಿ ಬಿಡಿಸಿದ್ದು, ಅವರ ಮನೆಯ ಜೋಳ ಹಸನು ಮಾಡಿದ್ದು ಎಲ್ಲವೂ ಅವ್ವನ ಕೈಯೇ. ಅವ್ವನಿಗೆ ಇದು ತಿಳಿದಿರಲಿಲ್ಲವೋ, ತಿಳಿದೂ ಸುಮ್ಮನಿದ್ದಳೋ... ಈಗಲೂ ಕೇಳುವ ಧೈರ್ಯ ನನಗಿಲ್ಲ. ಸಜ್ಜೆ ಬೀಸಿಸಿ, ಜರಡಿ ಹಿಡಿದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ತಲೆಯ ಮೇಲೆ ಇಡುತ್ತಿದ್ದಳು. ಆಮೇಲೆ ತಾನೂ ಇದ್ದದ್ದರಲ್ಲಿ ಒಳ್ಳೆ ಸೀರೆ ಉಟ್ಟು, ಬಂದು ಸಾಲಿನ ತುದಿಯಲ್ಲಿ ಕೂರುತ್ತಿದ್ದಳು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಹೊಸ ಹೆಡ್ ಮಾಸ್ತರರು ಬಂದರು. ಯಾದಗಿರಿ ಕಡೆಯವರು, ಹರೆಯದವರು, ಬಾಯಿ ತುಂಬ ಮಾತಾಡುವವರು. ಸಾಲಿ ಬುತ್ತಿ ಹತ್ತಿರ ಬಂದಾಗ ಪ್ರಾರ್ಥನೆಯಲ್ಲಿ ನಿಲ್ಲಿಸಿ ಹೇಳಿದರು: "ಈ ಸಲ ಎಲ್ಲರ ಮನಿಯಿಂದ ರೊಟ್ಟೀನ ಬರಬೇಕು. ಎಲ್ಲಾ ರೊಟ್ಟಿ ಒಂದ ರಾಶಿ ಮಾಡೋಣು. ಯಾರ ತಾಟಿಗಿ ಯಾರ ರೊಟ್ಟಿ ಬಂತು ಅಂತ ಯಾರಿಗೂ ತಿಳಿಬಾರದು."

ನಾನು ಓಡುತ್ತಲೇ ಮನೆಗೆ ಹೋಗಿ ಹೇಳಿದೆ. ಅವ್ವ ಮೊದಲು ನಂಬಲಿಲ್ಲ. "ಮಾಸ್ತರ ಹಂಗಂದಾರ? ಹಿಟ್ಟಲ್ಲ, ರೊಟ್ಟಿ?" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಅವಳ ಮುಖ ನೋಡಬೇಕಿತ್ತು. ಹೊಳೆ ಓಣಿಯಲ್ಲಿ ಅವ್ವನಷ್ಟು ತೆಳ್ಳಗೆ ಸಜ್ಜೆ ರೊಟ್ಟಿ ಬಡಿಯುವವರು ಯಾರೂ ಇರಲಿಲ್ಲ. ಮದುವೆ ಮನೆಗಳಲ್ಲಿ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಆದರೆ ಅದು ನಮ್ಮ ಓಣಿಯ ಒಳಗಿನ ಹೆಸರು. ತನ್ನ ಮಗಳ ಶಾಲೆಯಲ್ಲಿ, ಇಡೀ ಊರು ಕೂತಲ್ಲಿ, ತನ್ನ ರೊಟ್ಟಿಯನ್ನು ನಾಲ್ಕು ಜನ ಉಂಡು ಚಲೋ ಆಗ್ಯಾವ ಅನ್ನಬೇಕು ಎಂಬ ಆಸೆ ಅವಳಿಗೆ ಎಷ್ಟಿತ್ತು ಎಂದು ನನಗೆ ತಿಳಿದದ್ದೇ ಆಗ.

ಆ ದಿನ ನಸುಕಿಗೇ ಎದ್ದು ಒಲೆ ಹೊತ್ತಿಸಿದಳು. ಸಜ್ಜೆ ಹಿಟ್ಟಿಗೆ ಕುದಿಯುವ ನೀರು ಬೇಕು, ಬೆರಳು ಸುಡುತ್ತಿದ್ದಂತೆಯೇ ನಾದಬೇಕು. ಎಳ್ಳು ತುಟ್ಟಿ, ಮೇಲಿನ ಓಣಿಯವರ ಹಾಗೆ ರೊಟ್ಟಿಯ ತುಂಬ ಹಚ್ಚಲು ನಮ್ಮಿಂದ ಆಗುತ್ತಿರಲಿಲ್ಲ. ಅವ್ವ ನಟ್ಟನಡುವೆ ಒಂದು ಅಂಗೈ ಅಗಲ ಮಾತ್ರ ಎಳ್ಳು ಒತ್ತುತ್ತಿದ್ದಳು. ಅಪ್ಪ ಒಂದು ರೊಟ್ಟಿ ಮುರಿಯಲು ಕೈ ಚಾಚಿದ್ದಕ್ಕೆ, "ಮುಟ್ಟಬ್ಯಾಡ, ಸಾಲಿವು" ಎಂದು ಗದರಿಸಿದಳು. ಅಪ್ಪ ನಕ್ಕು, ನಿನ್ನೆಯ ಅಂಬಲಿ ಕುಡಿದು ಹೊಳೆಗೆ ಹೋದ.

ಶಾಲೆಯ ಬಾಗಿಲಲ್ಲಿ ಗೌಡಶಾನಿಯೇ ನಿಂತಿದ್ದರು. ಪಕ್ಕದಲ್ಲಿ ಎರಡು ಬುಟ್ಟಿಗಳು. ಅವ್ವನ ಕೈಯಿಂದ ಗಂಟು ಇಸಿದುಕೊಂಡು, ಬಿಚ್ಚಿ ನೋಡಿ, "ಅಯ್ಯ, ಎಷ್ಟು ಛಂದ ಬಡದೀಯಲ್ಲಬೇ!" ಅಂದರು. ಅವ್ವ ನಾಚಿ ಸೆರಗು ಬಾಯಿಗೆ ಹಿಡಿದಳು. ರೊಟ್ಟಿಗಳು ಎಡಗಡೆಯ ಬುಟ್ಟಿಗೆ ಹೋದವು. ಎರಡು ಬುಟ್ಟಿ ಯಾಕೆ ಎಂದು ನಮಗೆ ಹೊಳೆಯಲಿಲ್ಲ. ಮೆಚ್ಚುಗೆಯ ಮಾತು ಕೇಳಿದ ಮೇಲೆ ಬುಟ್ಟಿ ಎಣಿಸುವವರು ಯಾರು?

ಊಟಕ್ಕೆ ಕೂತರು. ಅವ್ವ ಉಣ್ಣುತ್ತಿರಲಿಲ್ಲ, ತಾಟಿನಿಂದ ತಾಟಿಗೆ ಕಣ್ಣು ಹಾಯಿಸುತ್ತಿದ್ದಳು. ತನ್ನ ರೊಟ್ಟಿ ಯಾರಿಗೆ ಬಂತು ಎಂದು ಹುಡುಕುತ್ತಿದ್ದಳು. ನಡುವೆ ಎಳ್ಳು ಇದ್ದ ರೊಟ್ಟಿ ಎಲ್ಲೂ ಕಾಣಲಿಲ್ಲ. "ಇನ್ನಾ ಹಂಚಿಲ್ಲ ಕಾಣ್ತದ" ಎಂದು ನನಗೇ ಸಮಾಧಾನ ಹೇಳಿದಳು. ಅಷ್ಟರಲ್ಲಿ ಮಾಸ್ತರರು ನನ್ನನ್ನು ಕರೆದು, ಕೈ ತೊಳೆಯಲು ಗೌಡರ ಹಿತ್ತಲಿನಿಂದ ಒಂದು ಕೊಡ ನೀರು ತಾ ಅಂದರು. ಹಿತ್ತಲಿಗೆ ಹೋಗುವ ದಾರಿ ಕೊಟ್ಟಿಗೆಯ ಮುಂದೆಯೇ ಹಾಯುತ್ತಿತ್ತು.

ಎಮ್ಮೆ ಕಣ್ಣು ಮುಚ್ಚಿ ಮೆಲ್ಲುತ್ತಿತ್ತು. ಅದರ ಮುಂದೆ ಮೇವಿನ ಮೇಲೆ ಹೊಳೆ ಓಣಿಯ ಅಷ್ಟೂ ರೊಟ್ಟಿಗಳು ಬಿದ್ದಿದ್ದವು. ಮೇಲುಗಡೆ ಅವ್ವನವೇ ಇದ್ದವು.

ಕೊಡವನ್ನು ಅಲ್ಲೇ ಬಿಟ್ಟು ಬಂದು, "ಅವ್ವಾ, ನಮ್ಮ ರೊಟ್ಟಿ ಎಮ್ಮಿ ತಿನ್ನಾಕತ್ತದ" ಅಂದೆ. ಮೆಲ್ಲಗೆ ಹೇಳಬೇಕು ಎಂಬ ಬುದ್ಧಿ ಆ ವಯಸ್ಸಿಗೆ ಎಲ್ಲಿಂದ ಬರಬೇಕು? ಸುತ್ತಲಿನವರೆಲ್ಲ ಕೇಳಿಸಿಕೊಂಡರು. ಅವ್ವ ಎದ್ದು ಕೊಟ್ಟಿಗೆಗೆ ಹೋದಳು. ತಿರುಗಿ ಬರುವಾಗ ಅವಳ ಕೈಯಲ್ಲಿ ಒಂದು ರೊಟ್ಟಿ ಇತ್ತು. ಅಂಚನ್ನು ಎಮ್ಮೆ ಕಚ್ಚಿತ್ತು, ಮೇವಿನ ಎಳೆ ಅಂಟಿತ್ತು. ಭಜ್ಜಿ ಬಡಿಸುತ್ತಿದ್ದ ಗೌಡಶಾನಿಯ ಎದುರಿಗೆ ಹೋಗಿ ನಿಂತಳು.

"ಅವ್ವಾರ, ನಮ್ಮ ರೊಟ್ಟಿ ಸುಟ್ಟಿದ್ವೇನ್ರಿ?"

ಗೌಡಶಾನಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಏ ಹುಚ್ಚಿ, ಅಮವಾಸಿ ಮುಂದ ದನಕ್ಕ ಹಾಕಿದ್ರ ಪುಣ್ಯ ಅಲ್ಲೇನು? ಚಲೋ ಆಗ್ಯಾವ ಅಂತನ ಹಾಕೀನಿ. ಆ ಪುಣ್ಯ ನಿನಗ ಬರಲಿ."

"ಹಂಗಾದ್ರ ನಿಮ್ಮ ರೊಟ್ಟೀನೂ ಹಾಕ್ರಿ" ಅಂದಳು ಅವ್ವ. "ನಿಮಗೂ ಬರಲಿ ಪುಣ್ಯ."

ನಾನು ಮಾಸ್ತರರ ಮುಖ ನೋಡಿದೆ. ಒಂದೇ ರಾಶಿ ಅಂದವರು ಅವರೇ ಅಲ್ಲವೇ? ಆದರೆ ಅವರು ಇದ್ದದ್ದು ಗೌಡರ ಮನೆಯ ಮುಂದಿನ ಕೋಣೆಯಲ್ಲಿ, ಉಣ್ಣುತ್ತಿದ್ದದ್ದು ಗೌಡಶಾನಿಯ ಕೈ ಊಟ. "ಆಯ್ತು ಬಿಡವ್ವ, ಹುಡುಗರು ಉಣ್ಣಾಕತ್ತಾರ. ಜಗಳ ತಗೀಬ್ಯಾಡ" ಅಂದುಬಿಟ್ಟರು. ಜಗಳ ತೆಗೆದವಳು ಅವ್ವ ಎಂದು ಅಲ್ಲಿಗೆ ತೀರ್ಮಾನವಾಯಿತು.

ಅವ್ವ ಹೊರಟುಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ತನ್ನ ಜಾಗಕ್ಕೆ ಬಂದು ಕೂತು, ಎಮ್ಮೆ ಕಚ್ಚಿದ ಅಂಚನ್ನು ಮುರಿದು ಒಗೆದು, ಉಳಿದ ರೊಟ್ಟಿಯನ್ನು ಪಲ್ಯ ಹಚ್ಚಿಕೊಳ್ಳದೆ, ಚೂರೂ ಬಿಡದೆ ತಿಂದಳು. ಎಲ್ಲರೂ ನೋಡುತ್ತಿದ್ದರು. ಆಮೇಲೆ ಸೆರಗು ಝಾಡಿಸಿ ಎದ್ದು ನನಗೆ ಹೇಳಿದಳು: "ನೀ ಉಂಡು ಬಾ. ಸಾಲಿ ಮಾತ್ರ ಬಿಡಬ್ಯಾಡ." ನಾನು ಉಂಡೆನೋ ಇಲ್ಲವೋ... ನೆನಪಿಲ್ಲ.

ಅಲ್ಲಿಂದ ಅವ್ವ ಆ ಶಾಲೆಯ ಹೊಸ್ತಿಲು ತುಳಿಯಲಿಲ್ಲ. ಜನವರಿಯಲ್ಲಿ ನಮ್ಮ ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಆಯಿತು. ನಾನು ಕೋಲಾಟದಲ್ಲಿದ್ದೆ. ಬೇರೆಯವರ ತಾಯಂದಿರು ಜಮಖಾನೆಯ ಮೇಲೆ ಕೂತಿದ್ದರು. ಅವ್ವ ಕಾಂಪೌಂಡಿನ ಆಚೆ ರಸ್ತೆಯಲ್ಲಿ ನಿಂತು, ಗೋಡೆಯ ಮೇಲಿಂದ ನೋಡಿ ಹೋದಳು. ಗೌಡಶಾನಿ ಅವಳನ್ನು ತಮ್ಮ ಹೊಲದ ಕೂಲಿಗೆ ಕರೆಯುವುದನ್ನೂ ಬಿಟ್ಟರು. ಹೊಳೆ ದಂಡೆ ಮಂದಿಗೆ ಸೊಕ್ಕು ಬಂದಿದೆ ಎಂದು ಊರ ತುಂಬ ಹೇಳಿಕೊಂಡು ತಿರುಗಿದರು. ಮುಂದಿನ ವರ್ಷ ನಮ್ಮ ಓಣಿಯಿಂದ ಹಿಟ್ಟೂ ಹೋಗಲಿಲ್ಲ, ಒಬ್ಬ ಹೆಣ್ಣುಮಗಳೂ ಹೋಗಲಿಲ್ಲ. ನಾನು ಹಸಿರು ಸ್ವೆಟರನ್ನು ಹೊಳೆಗೆ ಎಸೆದೆ. ಚಳಿಯಲ್ಲಿ ನಡುಗಿದೆ, ಆದರೂ ಅದಕ್ಕಾಗಿ ಇವತ್ತಿಗೂ ನನಗೆ ಬೇಜಾರಿಲ್ಲ.

ಗುಂಪಿನಲ್ಲಿ ಅವರು ಕೊಡುಗೈ ಎಂದು ಬರೆಯುತ್ತಾರೆ. ಹೌದು, ಕೊಡಲು ಅವರಿಗೆ ಚೆನ್ನಾಗಿ ಬರುತ್ತಿತ್ತು. ಶೇಂಗಾ ಕೊಟ್ಟರು, ಸ್ವೆಟರ್ ಕೊಟ್ಟರು, ಶಾಲೆಗೆ ಜಾಗವನ್ನೇ ಕೊಟ್ಟರು. ನಮ್ಮ ಕೈಯಿಂದ ಒಂದು ತುತ್ತು ತೆಗೆದುಕೊಳ್ಳಲು ಮಾತ್ರ ಬರಲಿಲ್ಲ. ಅಂಥವರನ್ನು ತಾಯಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಎಂದಾದರೂ ಅವರು ಹೊಳೆ ಓಣಿಗೆ ಇಳಿದು ಬಂದು, ಅವ್ವನ ಒಲೆಯ ಮುಂದೆ ಕೂತು, ಒಂದು ರೊಟ್ಟಿ ಕೇಳುತ್ತಾರೆ ಎಂದು ನಾನು ಇಷ್ಟು ವರ್ಷ ಕಾಯುತ್ತಿದ್ದೆ. ಅವರು ಸತ್ತ ಸುದ್ದಿ ಬಂದಾಗ ಮಷೀನು ನಿಲ್ಲಿಸಿ ಅಂಗಡಿ ಮುಚ್ಚಿದ್ದು ಅದಕ್ಕೇ...

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಶಾಲೆಗೆ ಸುರಪುರದಿಂದ ಹೊಸ ಟೀಚರ್ ಒಬ್ಬಳು ಬಂದಿದ್ದಾಳೆ, ಇನ್ನೂ ಹುಡುಗಿ. ಎಂದೋ ನಿಂತುಹೋದ ಸಾಲಿ ಬುತ್ತಿಯನ್ನು ಈ ಚಳಿಗಾಲ ಮತ್ತೆ ಶುರು ಮಾಡುತ್ತಾರಂತೆ. ಗೌಡಶಾನಿಯ ನೆನಪಿಗೆ! ಹಳೆಯದೇನೂ ಗೊತ್ತಿಲ್ಲದ ಆ ಹುಡುಗಿ ಮನೆಮನೆ ತಿರುಗುತ್ತ ನಮ್ಮ ಬಾಗಿಲಿಗೂ ಬಂದು, ನೆಲದ ಮೇಲೆಯೇ ಕೂತಳು.

"ಸಜ್ಜಿ ರೊಟ್ಟಿ ಅಂದ್ರ ನಿಮ್ಮ ಕೈದ ಅಂತ ಈ ಓಣ್ಯಾಗ ಎಲ್ಲಾರೂ ಹೇಳ್ತಾರ್ರಿ ಅಮ್ಮಾ. ಈ ಸಲ ಸಾಲಿಗಿ ನಿಮ್ಮ ರೊಟ್ಟಿ ಬೇಕ ಬೇಕ್ರಿ. ಮೊದಲನೇದು ನಾನ ಉಣ್ತೀನಿ."

ಅವ್ವ ಎರಡೂ ಕೈಗಳನ್ನು ಮುಂದೆ ಚಾಚಿದಳು. ವಾತ ಬಂದು ಬೆರಳುಗಳು ಸೊಟ್ಟಗಾಗಿ ವರ್ಷಗಳೇ ಆದವು, ಮುಷ್ಟಿ ಕಟ್ಟಲೂ ಆಗುವುದಿಲ್ಲ.

"ಭಾಳ ತಡಾ ಮಾಡಿ ಬಂದ್ಯವ್ವ" ಅಂದಳು.

ನನಗೆ ತಡೆಯಲಾಗಲಿಲ್ಲ. "ನಾ ಬಡೀತೀನಿ ಬಿಡಬೇ. ನಿನ್ನ ಹಂಗ ತೆಳ್ಳಗ ಬಡೀತೀನಿ" ಅಂದೆ.

"ಅವತ್ತ ದನಕ್ಕ ಹಾಕಿದ್ದು ನಿನ್ನ ರೊಟ್ಟಿ ಅಲ್ಲ."

ಟೀಚರ್ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಅವ್ವನೇ ಅವಳ ಕಡೆ ತಿರುಗಿ, "ಹಿಟ್ಟು ಕೊಡ್ತೀನಿ. ಹಿಟ್ಟು ನಡೀತದಲ್ಲ?" ಅಂದಳು. "ಓ, ನಡೀತದ್ರಿ" ಎಂದು ಆ ಹುಡುಗಿ ಖುಷಿಯಿಂದ ತಲೆ ಆಡಿಸಿದಳು. ಗೌಡಶಾನಿ ಬದುಕಿದ್ದರೆ ಅವ್ವನ ಆ ಕೈಗಳನ್ನು ಒಯ್ದು ಅವರ ಕಣ್ಣ ಮುಂದೆ ಹಿಡಿಯುತ್ತಿದ್ದೆ. ಈಗ ಹಿಡಿದು ತೋರಿಸುವುದಕ್ಕೂ ಯಾರೂ ಇಲ್ಲ.

ಅವ್ವ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತು ಡಬ್ಬಿಯ ಸಪ್ಪಳ ಕೇಳಿಸಿತು. ಆಮೇಲೆ, ಮುಚ್ಚಳ ತೆಗೆದುಕೊಡು ಎಂದು ನನ್ನನ್ನು ಕರೆದಳು.