ತಂಗಮ್ಮನ ಹಸಿರು ಕಿತ್ತಳೆ

ಮೂರ್ನಾಡಿನ ತಂಗಮ್ಮನಿಗೆ ತನ್ನ ಮೇಲಿದ್ದ ನಂಬಿಕೆ ಊರಿಗೆಲ್ಲ ಗೊತ್ತಿತ್ತು. ಯಾರಾದರೂ "ಅದು ಆಗೋದಿಲ್ಲ" ಅಂದರೆ ಸಾಕು, "ಯಾಕಾಗೋದಿಲ್ಲ?" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಲ್ಲುವ ಹೆಂಗಸು. ಕೊಡಗನ್ನು ಇಂಗ್ಲಿಷರ ಚೀಫ್ ಕಮಿಷನರು ಆಳುತ್ತಿದ್ದ ಕಾಲ ಅದು. ಕಾಫಿಯ ಬೆಲೆ ನೆಲಕಚ್ಚಿದ ವರ್ಷಗಳು. ಅವಳ ಗಂಡ ಬೋಜಪ್ಪ, ಕಾಫಿ ಗಿಡಗಳ ನಡುವೆ ಅಪ್ಪ ನೆಟ್ಟಿದ್ದ ಕಿತ್ತಳೆ ಮರಗಳನ್ನು ನೋಡಿ, "ಇವಾದರೂ ಕೈ ಹಿಡೀತಾವಾ ನೋಡ್ಬೇಕು" ಅನ್ನುತ್ತಿದ್ದ.

ಚಳಿಗಾಲದ ಹಣ್ಣಿಗೆ ಚಿಂತೆಯಿರಲಿಲ್ಲ. ಹೊಂಬಣ್ಣಕ್ಕೆ ತಿರುಗಿದ ಕೂಡಲೇ ವ್ಯಾಪಾರಿಗಳು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ತೊಂದರೆಯೆಲ್ಲ ಮಳೆಗಾಲದ ಫಸಲಿನದು. ಬಿಸಿಲು ಕಾಣದ ಆ ಹಣ್ಣು ಎಷ್ಟೇ ಬಲಿತರೂ ಸಿಪ್ಪೆ ಹಸಿರಾಗಿಯೇ ಉಳಿಯುತ್ತಿತ್ತು. ಒಳಗೆ ರಸ ತುಂಬಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ. ಮರದಡಿ ಬಿದ್ದು ಕೊಳೆಯುವುದೇ ಅದರ ಹಣೆಬರಹ ಎಂದು ಊರೆಲ್ಲ ಒಪ್ಪಿಕೊಂಡಿತ್ತು. ತಂಗಮ್ಮ ಒಪ್ಪಲಿಲ್ಲ.

ಮಡಿಕೇರಿಗೂ ವಿರಾಜಪೇಟೆಗೂ ಓಡಾಡುವ ಬಸ್ಸು ಏರಿನ ಬಿಸಿಗೆ ಬುಸುಗುಟ್ಟುತ್ತ ಮೂರ್ನಾಡಿನಲ್ಲಿ ನಿಂತು, ರೇಡಿಯೇಟರಿಗೆ ನೀರು ಕುಡಿದು ಮುಂದೆ ಹೋಗುತ್ತಿತ್ತು. ಅಷ್ಟು ಹೊತ್ತು ಜನಕ್ಕೆ ಬೇರೆ ಕೆಲಸವಿಲ್ಲ. ತಂಗಮ್ಮ ಬುಟ್ಟಿ ತುಂಬಿಕೊಂಡು ಅಲ್ಲಿಗೆ ಹೋಗಿ ಕೂತಳು. ಜನ ಕಿಟಕಿಯಿಂದ ಇಣುಕಿ, "ಏನದು, ನಿಂಬೆಕಾಯಾ?" ಎಂದರು. ಮೈಸೂರಿನ ಕಡೆಯ ಒಬ್ಬರು, "ಹಣ್ಣಾಗಲಿ, ಮುಂದಿನ ಸಲ ಬರುವಾಗ ತಗೊಳ್ತೇವೆ" ಎಂದು ನಕ್ಕರು. ಬುಟ್ಟಿ ಹೋದ ಹಾಗೆಯೇ ಮನೆಗೆ ಬಂತು.

ಮಾರನೆಯ ದಿನ ಅಡಿಗೆಮನೆಯಲ್ಲಿ ಅವಳಿಗೆ ಒಂದು ಉಪಾಯ ಹೊಳೆಯಿತು. ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಒಂದೊಂದೇ ಹಣ್ಣಿಗೆ ಹಚ್ಚಿ ತಿಕ್ಕಿದಳು. ಹಣ್ಣು ಮದುವಣಗಿತ್ತಿಯ ಕೆನ್ನೆಯ ಹಾಗೆ ಹೊಳೆಯಿತು. ಬೋಜಪ್ಪ ಹುಬ್ಬೇರಿಸಿದ. "ಏನು ಮಾಡ್ತಾ ಇದ್ದೀಯೇ?"

"ಕಣ್ಣಿಗೆ ಬೇಕಾದ್ದು ಕಣ್ಣಿಗೆ ಕೊಡ್ತಾ ಇದ್ದೀನಿ. ಬಾಯಿಗೆ ಬೇಕಾದ್ದು ಒಳಗೆ ಹೇಗೂ ಇದೆ."

ಅವತ್ತು ಬುಟ್ಟಿ ಖಾಲಿಯಾಯಿತು. ತಂಗಮ್ಮ ಹಾಡಿಕೊಂಡು ಮನೆಗೆ ಬಂದಳು.

ಎರಡು ದಿನ ಕಳೆದು ಅದೇ ಬಸ್ಸಿನಿಂದ ವಿಮಲಮ್ಮ ಇಳಿದು ಬಂದರು. ಮಡಿಕೇರಿಯ ಗುಮಾಸ್ತರೊಬ್ಬರ ಹೆಂಡತಿ. ಮೊನ್ನೆ ಹಣ್ಣು ಕೊಂಡು ಮಡಿಲಲ್ಲಿಟ್ಟುಕೊಂಡು ಹೋದವರು. ಬಗಲಲ್ಲಿದ್ದ ಸೀರೆಯ ಗಂಟು ಬಿಚ್ಚಿ ಹಿಡಿದರು. ಬಿಳಿ ಸೀರೆಯ ಮಡಿಲಿನ ತುಂಬ ಹಳದಿ ಕಲೆ.

"ಮಳೆ ಇರಚಲು ಬಿತ್ತು ನೋಡು, ನಿನ್ನ ಹಣ್ಣಿನ ಬಣ್ಣವೆಲ್ಲ ನನ್ನ ಸೀರೆಗೆ ಬಂತು."

ತಂಗಮ್ಮನ ಮುಖ ಸಪ್ಪಗಾಯಿತು. "ತಪ್ಪಾಯ್ತಮ್ಮಾ. ಸೀರೆ ಕೊಡಿ, ನಾನೇ ಒಗೆದು ಬಿಸಿಲು ಬಂದಾಗ ಒಣಗಿಸಿ ಕೊಡ್ತೀನಿ."

"ಸೀರೆ ಹಾಳಾಗಿ ಹೋಗಲಿ. ಹಣ್ಣು ತಿಂದ್ರೆ ಸಕ್ಕರೆ! ನಮ್ಮ ಮನೆಯವರು ಇನ್ನೂ ತಾ ಅಂದಿದ್ದಾರೆ. ಇಷ್ಟು ಒಳ್ಳೆ ಹಣ್ಣಿಗೆ ಈ ವೇಷ ಯಾಕಮ್ಮಾ ಹಾಕಿದೆ?"

ಆ ಮಾತು ತಂಗಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತು. ದಾರಿಯುದ್ದಕ್ಕೂ ಯೋಚಿಸಿದಳು. ಜನಕ್ಕೆ ಹಣ್ಣಿನ ಮೇಲೆ ಸಿಟ್ಟಿಲ್ಲ. ಹಸಿರು ಅಂದರೆ ಹುಳಿ ಅನ್ನುವ ಭಯ, ಅಷ್ಟೆ. ಆ ಭಯವನ್ನು ಮುಚ್ಚಿಟ್ಟರೆ ಬೆಳೆಯುತ್ತದೆ, ಎದುರಿಗೆ ತಂದಿಟ್ಟರೆ ಹೋಗುತ್ತದೆ. ಮನೆಗೆ ಬಂದವಳೇ ಒಂದು ಹಲಗೆಗೆ ಇದ್ದಿಲ ಮಸಿ ಬಳಿದು, ನಾಲ್ಕನೇ ಕ್ಲಾಸಿನವರೆಗೆ ಕಲಿತ ದುಂಡನೆಯ ಅಕ್ಷರದಲ್ಲಿ ಸುಣ್ಣದಿಂದ ಬರೆದಳು: "ಸಿಪ್ಪೆ ಹಸಿರು. ಹಣ್ಣು ಸಿಹಿ. ಮೊದಲು ತಿನ್ನಿ."

ಬೋಜಪ್ಪ ಓದಿ ತಲೆ ಕೆರೆದುಕೊಂಡ. "ನಮ್ಮ ಹಣ್ಣಿನ ಕೊರತೆ ನಾವೇ ಬರೆದು ಹಾಕೋದಾ?"

"ಅವರಿಗೇನು ಕಣ್ಣಿಲ್ವಾ? ಅವರು ಹೇಳಿದ್ರೆ ಅದು ಕೊರತೆ. ನಾನೇ ಮೊದಲು ಹೇಳಿದ್ರೆ ಅದು ಗುರುತು."

ಬಸ್ಸಿನಲ್ಲಿ ಓದು ಬಾರದವರೇ ಹೆಚ್ಚು ಅನ್ನುವುದೂ ಅವಳಿಗೆ ಗೊತ್ತಿತ್ತು. ಅವರಿಗೆ ಬೇರೆ ದಾರಿ ಹುಡುಕಿದಳು. ಬಸ್ಸು ನಿಲ್ಲುತ್ತಿದ್ದ ಹಾಗೆ ಎಲೆ ಹೆಣೆದ ಗೊರಬೆ ಹೊದ್ದು ಮಳೆಯಲ್ಲೇ ಕಿಟಕಿಗಳ ಕೆಳಗೆ ಹೋಗಿ ನಿಂತು ಹಣ್ಣು ಸುಲಿಯತೊಡಗಿದಳು. ಸಿಪ್ಪೆ ಸೀಳಿದ ಕೂಡಲೇ ಘಮ ಬಸ್ಸಿನೊಳಗೆ ನುಗ್ಗಿತು. ಮುಚ್ಚಿದ್ದ ಪರದೆಗಳು ಒಂದೊಂದಾಗಿ ಮೇಲೆದ್ದವು. ತಂಗಮ್ಮ ಮೊದಲ ತೊಳೆಯನ್ನು ಡ್ರೈವರ್ ಪೂವಯ್ಯನಿಗೆ ಚಾಚಿದಳು.

"ನನಗೇ ಯಾಕಕ್ಕ ಮೊದಲು?"

"ಇಷ್ಟು ಜನ ನಿನ್ನ ನಂಬಿ ಕೂತಿದ್ದಾರಲ್ಲ ಮಾರಾಯ. ತಿಂದು ನಿಜ ಹೇಳು. ಹುಳಿಯಾದ್ರೆ ಹುಳಿ ಅನ್ನು."

ಪೂವಯ್ಯ ಕಣ್ಣು ಕಿರಿದು ಮಾಡಿ ಬಾಯಿಗೆ ಹಾಕಿಕೊಂಡ. ಮೆಲ್ಲಗೆ ಅಗಿದ. ಇನ್ನೊಂದು ತೊಳೆಗೆ ಕೈ ಚಾಚಿದ. ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲೆ ಕಿಟಕಿಗಳಿಂದ ಕೈಗಳು ಹೊರಬಂದವು. ನೀರು ಹಾಕಿ ಮುಗಿದರೂ ಬಸ್ಸು ಹೊರಡಲಿಲ್ಲ.

ಆ ಮಳೆಗಾಲ ಬೋಜಪ್ಪನ ತೋಟದಲ್ಲಿ ಒಂದು ಹಣ್ಣೂ ಕೊಳೆಯಲಿಲ್ಲ. ಶ್ರೀಮಂಗಲದ ಕಡೆಯವರು ಕೂಡ, "ಮೂರ್ನಾಡಿನ ಹಸಿರು ಕಿತ್ತಳೆ ತಗೊಂಡು ಬಾ" ಎಂದು ಹೇಳಿಕಳಿಸುವಷ್ಟಾಯಿತು. ಕೊಳ್ಳುವವರಿಗೆ ತಂಗಮ್ಮ ತಾನಾಗಿಯೇ ಹುಳಿಯವನ್ನು ಬೇರೆ ಮಾಡಿ, "ಇದು ಉಪ್ಪಿನಕಾಯಿಗೆ, ತಿನ್ನೋಕಲ್ಲ" ಎಂದು ಹೇಳಿಯೇ ಕೊಡುತ್ತಿದ್ದಳು.

ಆದರೆ ಅವಳ ಮಾತು ಅವಳನ್ನೇ ಸುತ್ತಿಕೊಂಡಿತು. ಚಳಿಗಾಲ ಬಂದು ಹೊಂಬಣ್ಣದ ಹಣ್ಣು ಬುಟ್ಟಿಗೆ ಬಂದಾಗ ಬಸ್ಸಿನ ಜನ ಮುಖ ಸಿಂಡರಿಸಿದರು. "ಹಸಿರು ಇಲ್ವಾ?" ಎಂದರು. ಸೀರೆಯ ಸಂಗತಿ ಹೇಗೋ ಊರೂರು ಸುತ್ತಿತ್ತು. ಒಬ್ಬ ಹಿರಿಯರಂತೂ ಹಣ್ಣನ್ನು ತಿರುಗಿಸಿ ನೋಡಿ, "ಅರಿಶಿನ ಜೋರಾಗಿಯೇ ಬಿದ್ದಿದೆ!" ಎಂದರು. ಪೂವಯ್ಯ ಸ್ಟಿಯರಿಂಗಿಗೆ ತಲೆಯಿಟ್ಟು ನಕ್ಕ.

ತಂಗಮ್ಮನೂ ನಕ್ಕಳು. ಮರುದಿನ ಬುಟ್ಟಿಯ ಪಕ್ಕದಲ್ಲಿ ಒಂದು ಚೊಂಬು ನೀರು, ಒಂದು ಅಚ್ಚಬಿಳಿ ಬಟ್ಟೆ ಇಟ್ಟುಕೊಂಡು ಬಂದಳು. ಯಾರು ಏನೇ ಅನ್ನಲಿ, ಬಟ್ಟೆ ಅದ್ದಿ ಅವರ ಕೈಗೇ ಕೊಡುತ್ತಿದ್ದಳು. "ಒರೆಸಿ ನೋಡಿ ಸ್ವಾಮಿ." ಒರೆಸಿದರು. ಬಟ್ಟೆ ಬೆಳ್ಳಗೇ ಇತ್ತು. ಕೆಲವರು ಹಣ್ಣು ಬೇಡವಾಗಿದ್ದರೂ ಒರೆಸುವ ಖುಷಿಗೆ ಇಳಿದು ಬಂದರು. ಒರೆಸಿದ ಮೇಲೆ ಬರಿಗೈಯಲ್ಲಿ ಹೋಗಲು ನಾಚಿಕೊಂಡು ಕೊಂಡರು. ವಿಮಲಮ್ಮ ತಮ್ಮ ಸೆರಗಿನಿಂದಲೇ ಒರೆಸಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ತೋರಿಸಿದರು. ಆ ಉಪಕಾರವನ್ನು ತಂಗಮ್ಮ ಮರೆಯಲಿಲ್ಲ. ಪ್ರತಿ ವರ್ಷ ಮೊದಲ ಕೊಯ್ಲಿನ ಬುಟ್ಟಿ ಮಡಿಕೇರಿಯ ಅವರ ಮನೆಗೆ ಹೋಗುತ್ತಿತ್ತು.

ವರ್ಷಗಳು ಹೋದ ಹಾಗೆ ಬುಟ್ಟಿಯಿದ್ದಲ್ಲಿ ಹೆಂಚಿನ ಅಂಗಡಿ ಎದ್ದಿತು. ವ್ಯಾಪಾರ ಕುದುರದವರು ಅವಳ ಹತ್ತಿರ ಸಲಹೆ ಕೇಳಲು ಬರತೊಡಗಿದರು. ಅವರಿಗೆಲ್ಲ ಅವಳದು ಒಂದೇ ಪ್ರಶ್ನೆ: "ಜನ ನಿನ್ನ ಸಾಮಾನು ನೋಡಿ ಯಾಕೆ ಹಿಂದೆ ಸರೀತಾರೆ? ಅದನ್ನ ಮೊದಲು ಹೇಳು."

ಒಂದು ಸಲ ಕೊಡ್ಲಿಪೇಟೆಯಿಂದ ಚಿನ್ನ ಅನ್ನುವವನು ಬಂದ. ಅಲ್ಲಿ ಹೋಟೆಲು ಹಾಕಿ, ದೊಡ್ಡ ಬೋರ್ಡು ಬರೆಸಿ, ಡಂಗುರ ಹೊಡೆಸಿದರೂ ಜನ ಒಳಗೆ ಕಾಲಿಡುತ್ತಿಲ್ಲ ಎಂದು ಅಲವತ್ತುಕೊಂಡ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ತಂಗಮ್ಮ ಬೋಜಪ್ಪನನ್ನು ಕರೆದುಕೊಂಡು ತಾನೇ ಹೋದಳು. ಹೊರಗಿನಿಂದ ನೋಡಿದರೆ ಒಳಗೆ ಕತ್ತಲೆ, ಅಡಿಗೆ ಎಲ್ಲೋ ಹಿಂದೆ.

"ಏನು ಬೇಯಿಸ್ತೀಯ, ಹೇಗೆ ಬೇಯಿಸ್ತೀಯ ಅಂತ ಯಾರಿಗಪ್ಪ ಗೊತ್ತು? ಒಲೆ ಮುಂದಕ್ಕೆ ತಾ."

ಚಿನ್ನ ಅಂದೇ ಗೋಡೆ ಒಡೆಸಿ, ಬೀದಿಗೆ ಕಾಣುವ ಹಾಗೆ ಒಲೆ ಹಾಕಿಸಿದ. ಕಾದ ಕಾವಲಿಯ ಮೇಲೆ ದೋಸೆ ಚುಂಯ್ ಅನ್ನುತ್ತಿದ್ದ ಹಾಗೆ ದಾರಿಹೋಕರು ನಿಂತರು. ಮೊದಲು ಬಂದು ಬೆಂಚಿನ ಮೇಲೆ ಕೂತವನು ಬೋಜಪ್ಪ. ಅವನು ಎರಡನೇ ದೋಸೆ ಕೇಳುವಷ್ಟರಲ್ಲಿ ಬೆಂಚು ತುಂಬಿತ್ತು.