ಅರವತ್ತಕ್ಕೆ ಮೊಡವೆ ಬಂದ ಪದ್ಮಾ ಕಾಕು

ಅರವತ್ತರ ವಯಸ್ಸಿನಲ್ಲಿ ಮುಖದ ತುಂಬ ಮೊಡವೆ ಎಬ್ಬಿಸಿಕೊಂಡು, ಅದನ್ನು ಓಣಿಗೆಲ್ಲ ತೋರಿಸಿ ಬಂದವರು ನಮ್ಮ ಹುಕ್ಕೇರಿಯಲ್ಲಿ ಪದ್ಮಾ ಕಾಕು ಒಬ್ಬರೇ. “ನೋಡ್ರಿ, ಮತ್ತ ವಯಸ್ಸಿಗೆ ಬಂದೇನಿ! ಎಲ್ಲೆರ ವರಾ ಇದ್ರ ಹೇಳ್ರಿ,” ಎನ್ನುವರು. ಕಟ್ಟೆಯ ಮೇಲೆ ಕೂತ ಅವರ ಯಜಮಾನರು, ನಮ್ಮ ಕಾಕಾ, ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುವರು.

ಕಾಕು ನಮ್ಮ ಬಾಜೂ ಮನೆಯವರು. ಅವರು ನಕ್ಕರೆ ನಮ್ಮ ಮಾಡದಲ್ಲಿನ ಪಾತ್ರೆ ಅಲುಗುತ್ತಿದ್ದವು. ಚಿಂತೆ ಮಾಡುವ ಕೆಲಸ ಮಾತ್ರ ನನಗೆ ವಹಿಸಿದ್ದರು. “ನೀ ಅದೀಯಲ್ಲ, ಮತ್ತ ನಾ ಯಾಕ ಮಾಡ್ಲಿ?”

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಾಕುಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಗಡ್ಡೆ ದೊಡ್ಡ ರಕ್ತನಾಳಕ್ಕೆ ಆತುಕೊಂಡಿದೆ, ಈಗಲೇ ಕೊಯ್ಯಲಾಗದು ಎಂದರು ಡಾಕ್ಟರು. ಮೊದಲು ಕೀಮೋ, ಜೊತೆಗೆ ಆಗಿನ್ನೂ ಪ್ರಯೋಗದಲ್ಲಿದ್ದ, ಆ್ಯಂಟಿಬಾಡಿ ಎಂಬ ಪ್ರತಿಕಾಯದ ಔಷಧ. ಗಡ್ಡೆ ಕುಗ್ಗಿ ನಾಳ ಬಿಟ್ಟರೆ ಆಪರೇಷನ್. ಬಿಡದಿದ್ದರೆ? ಹಾಗೆ ಕೇಳಿದವನು ನಾನು. ಕಾಕು ಕೇಳಿದ್ದೇ ಬೇರೆ: “ಎರಡೂ ಔಷಧ ಕೂಡಿ ಬಾಳತಾವೇನ್ರಿ?”

“ಒಂದು ಗಡ್ಡಿ ಹೊಡಿತೈತ್ರಿ, ಇನ್ನೊಂದು ಬೆಳಿಯಾಕ ಬಿಡೂದಿಲ್ಲ,” ಎಂದರು ಡಾಕ್ಟರು.

“ಅತ್ತಿ ಸೊಸಿ ಒಂದಾದಂಗಾತು. ಮುಗೀತು ಅದರ ಕತಿ!”

ಕೆಲವು ವಾರಕ್ಕೆ ಮೊಡವೆ ಎದ್ದವು. ನಾನು ಗಾಬರಿಯಾಗಿ ಡಾಕ್ಟರಿಗೆ ಫೋನು ಹಚ್ಚಿದೆ. ಹೊಸ ಔಷಧದ ಪ್ರಭಾವ ಅದು, ಹಾಗೆ ಎದ್ದವರಲ್ಲಿ ಕೆಲವರಿಗೆ ಔಷಧ ಚೆನ್ನಾಗಿ ಹತ್ತುವುದೂ ಉಂಟು ಎಂದರು. ಅಂದಿನಿಂದ ನನ್ನ ಚಿಂತೆ ಮಗ್ಗಲು ಬದಲಿಸಿತು. ಮುಂಜಾನೆ ಎದ್ದು ಕಾಂಪೌಂಡಿನ ಮೇಲಿಂದ ಇಣುಕುವುದು. ಮೊಡವೆ ಕಡಿಮೆ ಕಂಡರೆ ಮತ್ತೊಮ್ಮೆ ಎಣಿಸುವುದು. ಕಾಕು ಗಲ್ಲ ಮುಂದೊಡ್ಡುವರು: “ನೋಡ್ಕೊ, ಹುಚ್ಚಪ್ಯಾಲಿ! ಲಗ್ನದಾಗ ನಿಮ್ಮ ಕಾಕಾ ಸೈತ ಇಷ್ಟು ನೋಡಿರಲಿಲ್ಲ.”

ಸ್ಕ್ಯಾನಿನಲ್ಲಿ ಗಡ್ಡೆ ನಾಳ ಬಿಟ್ಟಿತ್ತು. ಆಪರೇಷನ್ ಆಯಿತು. ಹೊಲಿಗೆ ಮಾಯುವವರೆಗೆ ಕಾಕು ಹೊಟ್ಟೆ ಹಿಡಿದುಕೊಂಡು, ನಗಿಸಿದವರನ್ನೆಲ್ಲ ಬೈಯುತ್ತಿದ್ದರು.

ಆಮೇಲೆ ಅವರಿಗೆ ಹಲವು ಮಳೆಗಾಲ ಸಿಕ್ಕವು. ಕಡೆಯದರಲ್ಲಿ, ಬೇನೆ ಮರಳಿದ್ದು ನಮ್ಮಿಬ್ಬರಿಗೂ ಗೊತ್ತಿದ್ದಾಗ, ಗೋಕಾಕ ಫಾಲ್ಸ್ ನೋಡಬೇಕೆಂದರು. ಕರೆದೊಯ್ದೆ. ತೂಗುಸೇತುವೆ ಗಾಳಿಗೆ ಓಲಾಡುತ್ತಿತ್ತು. ನಾನು ಮೊದಲ ಹಲಗೆಗೆ ಒಂದು ಕಾಲಿಟ್ಟು, ಇನ್ನೊಂದನ್ನು ನೆಲದ ಮೇಲೇ ಉಳಿಸಿಕೊಂಡು ನಿಂತೆ. ಕಾಕು ಸೆರಗು ಸಿಗಿಸಿ ನಡುವಿನತನಕ ಹೋಗಿ ತಿರುಗಿದರು.

“ಬಾರೋ!”

“ಭಾಳ ಹಳೇದೈತ್ರಿ ಕಾಕು, ತಿರುಗಿ ಬರ್ರಿ!”

“ನಾನೂ ಹಳೇದ ಅದೇನಿ! ಇಬ್ರೂ ತಡಕೋತೀವಿ!” ಎಂದು ಕೂಗಿ, ಆಚೆ ದಂಡೆಗೆ ನಡೆದೇಬಿಟ್ಟರು.

ದೀಪಾವಳಿಯ ಹೊತ್ತಿಗೆ ಕಾಕು ಇರಲಿಲ್ಲ. ಆ ಸೇತುವೆಯನ್ನು ನಾನಿನ್ನೂ ದಾಟಿಲ್ಲ. ಆದರೆ ಪ್ರತಿ ಮಳೆಗಾಲಕ್ಕೆ ಹೋಗಿ, ಹಿಂದಿನ ಸಲಕ್ಕಿಂತ ಒಂದು ಹಲಗೆ ಮುಂದೆ ನಿಂತು ಬರುತ್ತೇನೆ.